ಹದಿನೇಳನೇ ನಂಬರಿನ ಹಾಜರಿ

ನಾನು ಕನ್ನಡ ಕಲಿಸಿ ನಿವೃತ್ತಳಾದ ಸರ್ಕಾರಿ ಹೈಸ್ಕೂಲು ಬ್ಯಾಡಗಿಗೆ ಹತ್ತಿರದ ಒಂದು ಹಳ್ಳಿಯಲ್ಲಿದೆ. ಊರಿನ ಹೆಸರು ಹೇಳುವುದಿಲ್ಲ, ಕೇಳಬೇಡಿ. ಊರವರೇ ಚಕ್ಕಡಿಯಲ್ಲಿ ಕಲ್ಲು ಹೇರಿ ತಂದು ಕಟ್ಟಿಸಿದ ಸಾಲೆ ಅದು. ತಮ್ಮ ಕೈಯಿಂದ ಕಟ್ಟಿದ್ದು ಅಂತಲೋ ಏನೋ, ಸಾಲೆಯ ಗುಟ್ಟನ್ನು ಊರವರು ಮನೆಯ ಗುಟ್ಟಿನಂತೆ ಕಾಯುತ್ತಿದ್ದರು. ನಾನು ದೆವ್ವ ಭೂತ ನಂಬುವ ಪೈಕಿ ಅಲ್ಲ. ಆದರೂ ಹಾಜರಿ ಕರೆಯುವ ಹೊತ್ತಾದರೆ ಸಾಕು, ಮನೆಯಲ್ಲಿ ಕಾಯಿಪಲ್ಲೆ ಹೆಚ್ಚುತ್ತಿದ್ದರೂ "ಹಾಜರ್ ರೀ ಅಕ್ಕೋರ" ಅನ್ನುವ ಒಂದು ದನಿ ಕೇಳಿ ಕೈ ನಿಲ್ಲುತ್ತದೆ.

ಸಂಕ್ರಾಂತಿ ಮುಗಿದರೆ ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಬಂದು ಬೀಳುತ್ತದೆ. ನಮ್ಮೂರಿನಿಂದ ನಸುಕಿನಲ್ಲೇ ಟೆಂಪೋ ತುಂಬ ಹೆಣ್ಣುಮಕ್ಕಳು ತುಂಬು ಬಿಡಿಸಲು, ಅಂದರೆ ಕಾಯಿಯ ತೊಟ್ಟು ತೆಗೆಯಲು ಹೋಗುತ್ತಿದ್ದರು. ಬ್ಯಾಡಗಿ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎನ್ನುತ್ತಾರೆ. ರಾಶಿಯ ಮುಂದೆ ದಿನವಿಡೀ ಕೂತವರ ಕೈಗಳನ್ನು ಕೇಳಬೇಕು ಆ ಮಾತನ್ನು. ಆ ಟೆಂಪೋದಲ್ಲಿ ನಮ್ಮ ಹತ್ತನೇ ಇಯತ್ತೆಯ ಹುಡುಗಿಯರೂ ಇರುತ್ತಿದ್ದರು. ಹಾಜರಿ ಕಡಿಮೆ ಬಿದ್ದರೆ ಪರೀಕ್ಷೆಗೆ ಕೂರಿಸುವಂತಿಲ್ಲ. ಅದಕ್ಕೇ ಬಾರದಿದ್ದರೂ ನಾವು ಹಾಜರಿ ಹಾಕುತ್ತಿದ್ದೆವು. ನಾನು ಬರುವ ಮೊದಲಿನಿಂದಲೂ ನಡೆದು ಬಂದ ಪದ್ಧತಿ. ಯಾರು ಕೇಳಿದರೂ "ಎಲ್ಲಾರೂ ಬಂದಾರ್ರಿ" ಅನ್ನಬೇಕೆಂದು ಮಕ್ಕಳಿಗೂ ಕಲಿಸಿದ್ದೆವು. ಆ ಪಾಠ ಮಾತ್ರ ಒಬ್ಬರೂ ತಪ್ಪಿಸುತ್ತಿರಲಿಲ್ಲ. ಹೀಗೆ ಎಷ್ಟೋ ಹುಡುಗಿಯರು ಪಾಸಾದರು, ನರ್ಸ್ ಆದರು, ಒಬ್ಬಳು ನಮ್ಮ ಸಾಲೆಗೇ ಟೀಚರಾಗಿ ಬಂದಳು. ನನಗೆ ಅದರ ಬಗ್ಗೆ ಒಳಗೊಳಗೇ ಜಂಬವಿತ್ತು.

ಹದಿನೇಳನೇ ನಂಬರಿನವಳು ವಾರಕ್ಕೆ ಮೂರು ದಿನ ಸಾಲೆ, ಮೂರು ದಿನ ಪೇಟೆ ಎಂದು ಓಡಾಡುತ್ತಿದ್ದಳು. ಅವಳ ಅವ್ವ ಊರಿನ ಹಿಟ್ಟಿನ ಗಿರಣಿಯಲ್ಲಿ ಕೆಲಸಕ್ಕಿದ್ದಳು. ಅಪ್ಪ ಇರಲಿಲ್ಲ. ಹುಡುಗಿ ಮಾತು ಕಡಿಮೆ, ಅಕ್ಷರ ಚೆಂದ. ಒಂದು ದಿನ ಅವಳ ಜಾಗ ಖಾಲಿ ಕಂಡಿತು. ಪೇಟೆಗೆ ಹೋಗಿರಬೇಕು ಅಂದುಕೊಂಡು ಹಾಜರಿ ಹಾಕಿ ಹದಿನೆಂಟಕ್ಕೆ ಹೋದೆ. ಒಂದು ಕ್ಷಣದ ಕೆಲಸ. ಮಧ್ಯಾಹ್ನ ತಪಾಸಣೆಗೆ ಬಂದ ಸಾಹೇಬರು ತಲೆ ಎಣಿಸಲಿಲ್ಲ, ಅದೇ ಪುಟದ ಕೆಳಗೆ ಸಹಿ ಮಾಡಿ, ಅವಲಕ್ಕಿ ತಿಂದು ಚಾ ಕುಡಿದು ಹೋದರು.

ಸಂಜೆ ನಾವು ಬೀಗ ಹಾಕುವ ಹೊತ್ತಿಗೆ ಅವಳ ಅವ್ವ ಬಂದಳು. ಸೆರಗು, ಕೂದಲು, ಹುಬ್ಬು ಎಲ್ಲ ಹಿಟ್ಟು. ಟೆಂಪೋ ತಿರುಗಿ ಬಂದಿದೆ, ಮಗಳು ಅದರಲ್ಲಿ ಇಲ್ಲ. ಇವತ್ತು ಆಕೆ ಪೇಟೆಗೆ ಬಂದೇ ಇಲ್ಲವೆಂದು ಜೊತೆಯವರು ಹೇಳಿದರಂತೆ.

"ಸಾಲಿಗೆ ಬಂದಿದ್ಲೇನ್ರಿ ಅಕ್ಕೋರ?"

ಹೆಡ್‌ಮಾಸ್ತರರು ನನ್ನ ಮುಖ ನೋಡಿದರು. ಇಲ್ಲ ಅಂದರೆ ಸಾಹೇಬರ ಸಹಿಯ ಮೇಲಿನ ಹಾಜರಿ ಸುಳ್ಳಾಗುತ್ತದೆ, ಪದ್ಧತಿ ಬಯಲಾಗುತ್ತದೆ, ಉಳಿದ ಹುಡುಗಿಯರ ಪರೀಕ್ಷೆಯೂ ಹೋಗುತ್ತದೆ. ಇಷ್ಟೆಲ್ಲ ಆಗ ವಿಚಾರ ಮಾಡಿದೆ ಅಂದರೆ ನಿಮಗೂ ಸುಳ್ಳು ಹೇಳಿದಂತೆ. ನನ್ನ ನೌಕರಿ ನೆನಪಾಯಿತು, ಅಷ್ಟೇ.

"ಬಂದಿದ್ಲವ್ವಾ," ಅಂದೆ.

ಪೊಲೀಸರು ಹಾಜರಿ ಪುಸ್ತಕ ನೋಡಿದರು, ಮಕ್ಕಳನ್ನು ಕೇಳಿದರು. ಮಕ್ಕಳು ಕಲಿಸಿದ್ದನ್ನೇ ಒಪ್ಪಿಸಿದರು. ಸಾಲೆ ಬಿಟ್ಟ ಮೇಲೆ ಕಾಣೆಯಾಗಿದ್ದಾಳೆ ಎಂದು ಬರೆದುಕೊಂಡು ಸಂಜೆಯ ಬಸ್ಸಿನವರನ್ನೆಲ್ಲ ವಿಚಾರಿಸಿದರು. ಹಾವೇರಿ ಆಯಿತು, ರಾಣೆಬೆನ್ನೂರು ಆಯಿತು, ಗುತ್ತಲದ ಕಡೆ ಹೊಳೆದಂಡೆಯೂ ಆಯಿತು. ನಿಲ್ದಾಣದ ಚಾದಂಗಡಿಯ ಅಜ್ಜ ಮಾತ್ರ, ಆಕೆಯನ್ನು ಮುಂಜಾನೆಯೇ ನೋಡಿದ್ದೇನೆ, ರಾಣೆಬೆನ್ನೂರು ಬಸ್ಸಿಗೆ ನಿಂತಿದ್ದಳು ಅಂದ. ಆಗ ಆಕೆ ಸಾಲೆಯಲ್ಲಿದ್ದಳಲ್ಲ, ನಿನಗೆ ಕಣ್ಣು ಮಂಜು ಎಂದು ಎಲ್ಲರೂ ಅವನನ್ನು ಸುಮ್ಮನಾಗಿಸಿದರು. ಆ ಮಾತು ಕೇಳಿದಾಗ ನಾನು ಅಲ್ಲೇ ಇದ್ದೆ. ನನ್ನ ಬಾಯಿಗೆ ಏನು ಬಡಿದಿತ್ತೋ!

ಹುಡುಗಿ ಸಿಗಲಿಲ್ಲ. ಸತ್ತಳೋ ಇದ್ದಾಳೋ ಇವತ್ತಿಗೂ ಗೊತ್ತಿಲ್ಲ. ಅವ್ವ ವರ್ಷಕ್ಕೊಮ್ಮೆ ಅದೇ ದಿನ ಸಾಲೆಗೆ ಬಂದು, ಕಡೆಯ ದಿನ ಮಗಳು ಏನು ಮಾಡಿದಳು ಎಂದು ಕೇಳುತ್ತಿದ್ದಳು. ಒಂದು ಸುಳ್ಳಿಗೆ ಜೊತೆ ಬೇಕಾಗುತ್ತದಲ್ಲ, ಎದ್ದು ನಿಂತು ಪದ್ಯ ಓದಿದಳು ಅಂದೆ. ಮರುವರ್ಷ ಎಲ್ಲರೂ ಚಪ್ಪಾಳೆ ತಟ್ಟಿದರು ಅಂದೆ. ಆಕೆ ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದಳು. ನನಗೆ ನನ್ನ ಮೇಲೆ ಹೇಸಿಗೆ ಬರುತ್ತಿತ್ತು. ಮುಂದೆ ಯಾವ ವರ್ಗಕ್ಕೆ ಹೋದರೂ ಹದಿನಾರು ಕರೆದು ಹದಿನೆಂಟಕ್ಕೆ ಹಾರುತ್ತಿದ್ದೆ. ಆ ನಂಬರಿನ ಮಕ್ಕಳು ತಾವೇ ಎದ್ದು "ನಾನೂ ಬಂದೇನ್ರಿ" ಅನ್ನಬೇಕಾಗುತ್ತಿತ್ತು. ಅಕ್ಕೋರಿಗೆ ಮರೆವು ಎಂದು ನಗುತ್ತಿದ್ದರು.

ಹೋದ ವರ್ಷ ಅದೇ ತಂಡದ ಹುಡುಗರು ಗುರುವಂದನೆ ಇಟ್ಟುಕೊಂಡರು. ಶಾಲು, ಹಾರ, ಫಲತಾಂಬೂಲ ಎಲ್ಲ ಆದ ಮೇಲೆ, ಈಗ ಎಲ್ಲ ಕಡೆ ಮಾಡುವಂತೆ, ಹಳೆಯ ವರ್ಗದಲ್ಲಿ ಬೆಂಚಿನ ಮೇಲೆ ಕೂತು, ನಾನು ಹಾಜರಿ ಕರೆಯಬೇಕು ಎಂದು ಹಟ ಹಿಡಿದರು. ಯಾರೋ ಹಳೆಯ ಪುಸ್ತಕವನ್ನೂ ಹುಡುಕಿ ತಂದಿಟ್ಟಿದ್ದರು. ಒಂದು, ಎರಡು ಎಂದು ಕರೆಯುತ್ತ ಹೋದೆ. ಬೊಜ್ಜು ಬಂದವರು, ಕೂಸು ಎತ್ತಿಕೊಂಡವರು ಎದ್ದು ಹಾಜರ್ ಅನ್ನುತ್ತ ನಕ್ಕರು. ಹಾರಬೇಕೆಂದಿದ್ದೆ, ನಗುವಿನ ಗದ್ದಲದಲ್ಲಿ ಬಾಯಿ ತಪ್ಪಿತು.

"ಹದಿನೇಳು."

ನಗು ನಿಂತಿತು. ಹಿಂದಿನ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ ಒಬ್ಬ ಹೆಂಗಸು ಎದ್ದಳು. ಅವ್ವ. ಹುಡುಗರು ಆಕೆಯನ್ನೂ ಕರೆದಿದ್ದರು, ನಾನು ನೋಡಿರಲಿಲ್ಲ.

"ಹಾಜರ್ ರೀ ಅಕ್ಕೋರ," ಅಂದಳು.

ದಿನವೂ ನನ್ನ ಕಿವಿಗೆ ಬೀಳುವ ದನಿಯೇ ಅದು, ಸ್ವಲ್ಪ ಮುದಿಯಾಗಿತ್ತು. ವರ್ಗದ ತುಂಬ ಕೂತವರೆಲ್ಲ ತಲೆ ತಗ್ಗಿಸಿದರು. ಅವರಿಗೂ ಗೊತ್ತಿತ್ತಲ್ಲ, ಅಂದು ಬೆಂಚು ಖಾಲಿ ಇತ್ತೆಂದು. ಇಷ್ಟು ವರ್ಷ ನನ್ನ ಪಾಠವನ್ನು ಅವರು ಹೊತ್ತುಕೊಂಡೇ ತಿರುಗಿದ್ದರು. ನಾನು ಪುಸ್ತಕ ಮುಚ್ಚಿ ಆಕೆಯ ಹತ್ತಿರ ಹೋಗಿ ನೆಲದ ಮೇಲೆ ಕೂತೆ. ಆ ದಿನ ನಿನ್ನ ಮಗಳು ಸಾಲೆಗೆ ಬಂದಿರಲಿಲ್ಲ, ಸುಳ್ಳು ಹಾಜರಿ ಹಾಕಿದವಳು ನಾನು ಎಂದು ಎಲ್ಲರೆದುರು ಹೇಳಿದೆ.

ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಆಕೆ, ಪದ್ಯ ಓದಿದ್ದಾದರೂ ಖರೆಯೇ ಎಂದು ಕೇಳಿದಳು. ಇಲ್ಲವೆಂದು ತಲೆಯಾಡಿಸಿದೆ. ಆಮೇಲೆ ಆಕೆ ಹೇಳಿದಳು,

"ಹಂಗಾದ್ರ ಚಾದಂಗಡಿ ಅಜ್ಜ ಹೇಳಿದ್ದು ಖರೇ ಇತ್ತು. ಮುಂಜಾನಿ ನೋಡೇನಿ ಅಂತ ನಮ್ಮ ಮನೀತನಕಾ ಬಂದಿದ್ದ. ನನ್ನ ಮಗಳ ಹೆಸರು ಕೆಡಸ್ತೀಯೇನು ಅಂತ ಬೈದು ಕಳಿಸಿದೆ. ಆತ ಇನ್ನೂ ಏನೋ ಹೇಳಾಂವ ಇದ್ದ ರೀ ಅಕ್ಕೋರ. ನಾ ಕೇಳಲಿಲ್ಲ."

ಅಜ್ಜ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು.