ಎರಡನೇ ಬೆಂಚಿನ ಹುಡುಗಿಯ ಚೀಲ

ನನಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಬರುವುದಿಲ್ಲ. ಸಂತೆಯಲ್ಲಿ ಟೊಮೆಟೊ ಕೊಂಡರೆ ತಳದವನ್ನು ಮೇಲೆ ಮಾಡಿ ನೋಡಿಯೇ ಚೀಲಕ್ಕೆ ಹಾಕಿಸುತ್ತೇನೆ. ಮನೆಯವರು ತಡವಾಗಿ ಬಂದರೆ ಯಾಕೆ ಎನ್ನುತ್ತೇನೆ, ಬೇಗ ಬಂದರೂ ಯಾಕೆ ಎನ್ನುತ್ತೇನೆ. ಇಂಥವಳಿಗೆ ಹಗರಿಬೊಮ್ಮನಹಳ್ಳಿಯ ಪಿಯು ಕಾಲೇಜೊಂದರಲ್ಲಿ ಪಾಠದ ಜೊತೆಗೆ ಹುಡುಗಿಯರ ಚೀಲ ತಪಾಸಣೆಯ ಕೆಲಸವನ್ನೂ ವಹಿಸಿದರೆ ಕೇಳಬೇಕೆ! ಕಾಲೇಜಿಗೆ ಮೊಬೈಲ್ ತರಬಾರದೆಂಬುದು ನಿಯಮ. ನಾನು ಹುಡುಕುತ್ತಿದ್ದುದು ಮೊಬೈಲ್ ಒಂದನ್ನೇ ಅಲ್ಲ.

ಬರಬರುತ್ತಾ ಚೀಲ ನೋಡಿಯೇ ಹುಡುಗಿ ಎಂಥವಳೆಂದು ಹೇಳುವಷ್ಟು ಪಳಗಿಬಿಟ್ಟೆ. ತಳದಲ್ಲಿ ಅರಿಶಿನದ ಪುಡಿ ಅಂಟಿದ್ದರೆ ಮನೆಯವರು ಮೈಲಾರಕ್ಕೆ ನಡೆದುಕೊಳ್ಳುವವರು, ಭಂಡಾರದ ಪೊಟ್ಟಣ ಇಟ್ಟು ಕಳಿಸಿದ್ದಾರೆ. ರೊಟ್ಟಿ ಡಬ್ಬಿ ಎರಡಿದ್ದರೆ ತಂಗಿಯೊಬ್ಬಳು ಇದೇ ಊರಿನ ಹೈಸ್ಕೂಲಿನಲ್ಲಿದ್ದಾಳೆ. ನೋಟ್ ಬುಕ್ಕಿನ ಕೊನೆಯ ಹಾಳೆ ಹರಿದಿದ್ದರೆ ಯಾರಿಗೋ ಏನೋ ಬರೆದಾಗಿದೆ. ಸ್ಟಾಫ್ ರೂಮಿನಲ್ಲಿ ಇದನ್ನೆಲ್ಲ ಹೇಳಿ ಬೀಗುತ್ತಿದ್ದೆ. "ನೀವು ಪೊಲೀಸ್ ಆಗಬೇಕಿತ್ತು ನೋಡ್ರಿ ಮೇಡಂ" ಎನ್ನುತ್ತಿದ್ದರು. ನಾನದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಎರಡನೇ ಬೆಂಚಿನ ಹುಡುಗಿ ಕೊಟ್ಟೂರು ರಸ್ತೆಯ ಹಳ್ಳಿಯೊಂದರಿಂದ ಬಸ್ಸಿಗೆ ಬರುತ್ತಿದ್ದಳು. ಓದಿನಲ್ಲಿ ಮುಂದು, ಮಾತಿನಲ್ಲಿ ಹಿಂದು. ಅಂಥವರ ಮೇಲೆ ನನಗೆ ಒಂದು ಕಣ್ಣು ಹೆಚ್ಚು. ಕಳೆದ ವರ್ಷ ಒಂದು ಶುಕ್ರವಾರ ಮೊದಲ ಪಿರಿಯಡ್ಡಿನಲ್ಲಿ ನಾನು ಹತ್ತಿರ ಹೋಗುತ್ತಲೇ ಅವಳು ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು. ಸಿಕ್ಕಿತು ಅಂದುಕೊಂಡೆ. ಜಿಪ್ ಎಳೆದು ನೋಡಿದರೆ ಮೇಲೆ ಅರ್ಥಶಾಸ್ತ್ರದ ಪುಸ್ತಕ, ಅದರಡಿ ಮಡಚಿದ ಹಳೇ ಸೀರೆ, ಸೀರೆಯೊಳಗೆ ಒಂದು ಪ್ಲಾಸ್ಟಿಕ್ ಕವರು. ಕವರಿನಲ್ಲಿ ಆಧಾರ್ ಕಾರ್ಡು, ಎಸ್ಸೆಸ್ಸೆಲ್ಸಿಯ ಒರಿಜಿನಲ್ ಮಾರ್ಕ್ಸ್ ಕಾರ್ಡು, ಜಾತಿ ಪ್ರಮಾಣಪತ್ರ, ನಾಲ್ಕು ಪಾಸ್‌ಪೋರ್ಟ್ ಅಳತೆಯ ಫೋಟೊ.

"ಇವನ್ನ ಯಾಕ ತಂದಿ?"

"ಝೆರಾಕ್ಸ್ ಮಾಡ್ಸಾಕ್ರಿ ಮೇಡಂ."

"ಸೀರಿನೂ ಝೆರಾಕ್ಸ್ ಮಾಡಸ್ತಿಯೇನು?"

ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನನಗೂ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ.

ಅವಳನ್ನು ಸ್ಟಾಫ್ ರೂಮಿಗೆ ಕರೆದುಕೊಂಡು ಹೋದೆ. ನನ್ನ ಲೆಕ್ಕಾಚಾರ ಅಷ್ಟರಲ್ಲಿ ಮುಗಿದಿತ್ತು. ಓಡಿಹೋಗುವವರು ಇವನ್ನೇ ಒಯ್ಯುವುದು. ರಿಜಿಸ್ಟರ್ ಮದುವೆಗೆ ಬೇಕಾದ ಕಾಗದಗಳೆಲ್ಲ ಇವೆ, ಬಸ್ಸಿನಲ್ಲಿ ಗುರುತು ಸಿಗದಂತೆ ಸುತ್ತಿಕೊಳ್ಳಲು ಸೀರೆಯಿದೆ. ಹುಡುಗ ಕೂಡ್ಲಿಗಿಯವನೋ ಹೊಸಪೇಟೆಯವನೋ ಎಂಬುದಷ್ಟೇ ತಿಳಿಯಬೇಕಿತ್ತು. ಯಾರವನು ಎಂದು ಮೂರು ಸಲ ಕೇಳಿದೆ. ಬೇರೆ ಏನನ್ನೂ ಕೇಳಲಿಲ್ಲ.

"ಯಾರೂ ಇಲ್ರಿ ಮೇಡಂ. ಮನಿಗೆ ಮಾತ್ರ ಹೇಳಬ್ಯಾಡ್ರಿ, ನಿಮ್ಮ ಕಾಲಿಗೆ ಬೀಳ್ತೀನ್ರಿ" ಎಂದು ಅತ್ತಳು. ಮನೆಗೆ ಹೇಳಬೇಡಿ ಎಂದ ಮೇಲೆ ಹೇಳದೆ ಇರುತ್ತೇನೆಯೇ? ರಿಜಿಸ್ಟರಿನಲ್ಲಿದ್ದ ನಂಬರಿಗೆ ಅವಳೆದುರೇ ಫೋನ್ ಮಾಡಿದೆ. ಅದು ಅವಳ ದೊಡ್ಡಪ್ಪನ ನಂಬರು. ಆ ಮನೆಯಲ್ಲಿ ಆತನ ಮಾತೇ ನಡೆಯುವುದು.

ಒಂದು ತಾಸಿನೊಳಗೆ ಆತ ಬೈಕಿನಲ್ಲಿ ಬಂದ. ಬಂದವನು ಬೈಯುತ್ತಾನೆ, ಕೈ ಎತ್ತುತ್ತಾನೆ, ತಡೆಯಬೇಕು ಎಂದು ನಾನು ಸಿದ್ಧಳಾಗಿದ್ದೆ. ಆತ ನಗುತ್ತಾ ಕೈಮುಗಿದ. ಹುಡುಗಿಯ ಕಡೆ ನೋಡಲೇ ಇಲ್ಲ. ನೋಡಿದ್ದು ಮೇಜಿನ ಮೇಲಿದ್ದ ಕವರನ್ನು.

"ಭಾಳ ಉಪಕಾರ ಆತ್ರಿ ಮೇಡಂ. ಮುಂಜಾನಿಯಿಂದ ಇವಕ್ಕ ಮನಿ ಎಲ್ಲಾ ತಡಕ್ಯಾಡಿದ್ವಿ. ಕೊಡ್ರಿಲ್ಲೆ."

ನನ್ನ ಕೈ ಕವರಿನ ಮೇಲೆ ತಾನಾಗಿಯೇ ಹೋಯಿತು. ಹುಡುಗಿ ಓಡಿಹೋಗುತ್ತಾಳೆಂದರೆ ನಗುವ ದೊಡ್ಡಪ್ಪನನ್ನು ನಾನು ಕಂಡಿರಲಿಲ್ಲ.

"ಇವು ಯಾಕ್ರಿ ಅಷ್ಟು ಅರ್ಜೆಂಟು?"

"ಸೋಮವಾರ ಕಾರ್ಯ ಇಟ್ಕೊಂಡೀವ್ರಿ. ಹರಪನಹಳ್ಳಿ ಕಡೆ ವರ. ಇವು ಯಾರ್ದರ ಕೈಗೆ ಸಿಕ್ರ ವಯಸ್ಸಿನ ತಕರಾರು ತೆಗೀತಾರ. ನೀವೂ ಬರಬೇಕ್ರಿ ಮತ್ತ."

ಆಧಾರ್ ಕಾರ್ಡು ತೆಗೆದು ನೋಡಿದೆ. ಹದಿನೆಂಟು ತುಂಬಲು ಇನ್ನೂ ಎಂಟು ತಿಂಗಳಿತ್ತು. ಬೆಳಿಗ್ಗೆ ಅದೇ ಕಾರ್ಡನ್ನು ಕೈಯಲ್ಲಿ ಹಿಡಿದು ಹೆಸರು, ಊರು, ಫೋಟೊ ಎಲ್ಲ ನೋಡಿದ್ದೆ. ಹುಟ್ಟಿದ ದಿನ ನೋಡಿರಲಿಲ್ಲ.

ಆಗ ಹುಡುಗಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. "ಕಾಲೇಜು ಬಿಟ್ಟ ಮ್ಯಾಲೆ ಹಂಗ ಹಡಗಲಿಗೆ ಚಿಗವ್ವನ ಮನಿಗೆ ಹೊಂಟಿದ್ದೆರಿ. ಅಲ್ಲೇ ಕಾಲೇಜಿಗೆ ಹಚ್ಚತೀನಿ ಅಂದಾಳ. ಅವ್ವನೇ ಇವನ್ನೆಲ್ಲ ಕಟ್ಟಿಕೊಟ್ಲು. ಹೊದ್ಕೊಳ್ಳಾಕ ತನ್ನ ಸೀರಿ ಇಟ್ಲು."

ಒಬ್ಬ ತಾಯಿ ಮನೆಯವರೆಲ್ಲರ ಕಣ್ಣು ತಪ್ಪಿಸಿ ಕಟ್ಟಿಕೊಟ್ಟ ಗಂಟನ್ನು ನಾನು ಇಡೀ ಕ್ಲಾಸಿನ ಮುಂದೆ ಬಿಚ್ಚಿ ನಗಿಸಿದ್ದೆ. ಸಾಲದೆಂದು ಯಾರಿಂದ ಮುಚ್ಚಿಟ್ಟಿದ್ದಳೋ ಅವನನ್ನೇ ಕರೆಸಿದ್ದೆ.

ಆ ಕವರನ್ನು ಎದೆಗೆ ಅವಚಿಕೊಂಡು ಪ್ರಾಂಶುಪಾಲರ ಕೋಣೆಗೆ ಹೋದೆ. ಅವರು ದೊಡ್ಡಪ್ಪನನ್ನು ಕೂರಿಸಿಕೊಂಡು, ವಯಸ್ಸು ತುಂಬದ ಹುಡುಗಿಯ ಮದುವೆಗೆ ಹಂದರ ಹಾಕಿದರೂ ಕೇಸಾಗುತ್ತದೆ ಎಂದು ತಿಳಿಸಿ ಹೇಳಿದರು. ಆತನ ನಗು ಹೋಯಿತು. ಪ್ರಾಂಶುಪಾಲರು ಫೋನ್ ಮಾಡಿದ ಮೇಲೆ ತಾಲ್ಲೂಕಿನ ಅಧಿಕಾರಿಗಳು ಬಂದರು, ಮುಚ್ಚಳಿಕೆ ಬರೆಸಿಕೊಂಡರು. ಹೊರಗೆ ಹೋಗುವಾಗ ಆತ ನನ್ನನ್ನು ನೋಡಿ, "ಫೋನ್ ಮಾಡಿದವ್ರು ನೀವ, ಕೇಸ್ ಅನ್ನವ್ರೂ ನೀವ" ಎಂದ.

ಸುದ್ದಿ ಮುಟ್ಟಿಸಿದ ಮೇಲೆ ಮಧ್ಯಾಹ್ನದ ಬಸ್ಸಿಗೆ ಹಡಗಲಿಯಿಂದ ಚಿಕ್ಕಮ್ಮ ಬಂದಳು. ಅಧಿಕಾರಿಗಳು ಅವಳಿಂದಲೂ ಸಹಿ ಹಾಕಿಸಿಕೊಂಡು ಹುಡುಗಿಯನ್ನು ಅವಳ ಜೊತೆ ಕಳಿಸಲು ಒಪ್ಪಿದರು. ನಾನು ತಪ್ಪನ್ನು ಹೇಗಾದರೂ ಸರಿಮಾಡಬೇಕೆಂಬ ಅವಸರದಲ್ಲಿದ್ದೆ.

"ಒರಿಜಿನಲ್ ಎಲ್ಲಾ ನನ್ನ ಹತ್ರ ಇರಲವ್ವ. ಕಾಲೇಜಿನ ಬೀರುವಿನ್ಯಾಗ ಇಟ್ಟಿರ್ತೀನಿ. ನಿನ್ನ ಹೊರತು ಯಾರಿಗೂ ಕೊಡಂಗಿಲ್ಲ" ಎಂದೆ.

ಅವಳು ಕೈ ಚಾಚಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅಳುವೂ ಇರಲಿಲ್ಲ.

"ಬ್ಯಾಡ್ರಿ ಮೇಡಂ. ನೀವು ಫೋನ್ ಮಾಡಿಬಿಡ್ತೀರಿ."

ಕವರು ಕೊಟ್ಟೆ. ಅವಳು ಅಲ್ಲೇ ನಿಂತು, ನನ್ನೆದುರೇ, ಒಳಗಿನ ಕಾಗದಗಳನ್ನೂ ನಾಲ್ಕು ಫೋಟೊಗಳನ್ನೂ ಒಂದೊಂದಾಗಿ ತೆಗೆದು ಎಲ್ಲವೂ ಇವೆಯೇ ಎಂದು ನೋಡಿಕೊಂಡಳು.