ಪೂವಮ್ಮ ಮುಚ್ಚಿಟ್ಟ ಬಳಿ

ಆ ದಿನ ಅಳದಂಗಡಿಯ ಪೂವಮ್ಮನ ಕಾಲು ಬೆಳಗ್ಗಿನಿಂದಲೇ ನೆಲದ ಮೇಲಿರಲಿಲ್ಲ. ಬೆಳ್ತಂಗಡಿಯಿಂದ ಮೂಡಬಿದಿರೆಯವರೆಗೆ ಎಷ್ಟೋ ಸಂಬಂಧ ಕೂಡಿಸಿದವಳು, ಆದರೆ ಹುಡುಗ ಹುಡುಗಿ ತಾವೇ ಮೆಚ್ಚಿಕೊಂಡು ಇವಳ ಬೆನ್ನು ಬಿದ್ದದ್ದು ಇದೇ ಮೊದಲು. ೧೯೬೧ರಲ್ಲಿ ಅದೇನು ಸಣ್ಣ ಧೈರ್ಯವೇ? ನಾರಾವಿಯ ಧರ್ಣಪ್ಪನಿಗೂ ರಾಜೀವಿಗೂ ಅಂದು ನಿಶ್ಚಿತಾರ್ಥ.

ಸಂಬಂಧ ಕೂಡಿಸುವವರ ಮೊದಲ ಪ್ರಶ್ನೆಯೇ ಬಳಿ. ಬಳಿಯೆಂದರೆ ತಾಯಿಯಿಂದ ಮಕ್ಕಳಿಗೆ ಬರುವ ಕುಲದ ಗುರುತು. ಒಂದೇ ಬಳಿಯವರು ಒಡಹುಟ್ಟಿದವರ ಲೆಕ್ಕ, ಅವರೊಳಗೆ ಮದುವೆಯಿಲ್ಲ. ಪೂವಮ್ಮ ಅದನ್ನು ಅಂಗಳದಲ್ಲಿ ನಿಂತು ಕೇಳುವವಳಲ್ಲ. ಅಡುಗೆಮನೆಯಲ್ಲಿ ವೀಳ್ಯ ಮೆಲ್ಲುತ್ತಾ ಹೆಂಗಸರ ಕಿವಿಯಲ್ಲಿ ಕೇಳುವಳು. ಬಳಿ ಕೆದಕಿದರೆ ಮನೆಯ ಒಳಗುಟ್ಟೂ ಜೊತೆಗೆ ಬರುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು.

ಧರ್ಣಪ್ಪನ ಗುಟ್ಟನ್ನಂತೂ ಅವಳು ಕಣ್ಣಾರೆ ಕಂಡಿದ್ದಳು. ಅವಳೂ ಗೆಳತಿ ವಾರಿಜಾಕ್ಷಿಯೂ ಘಟ್ಟದ ಮೇಲಿನ ಕಾಫಿ ತೋಟದಲ್ಲಿ ಕೂಲಿಗಿದ್ದಾಗ, ಹೆರಿಗೆಯಲ್ಲಿ ತೀರಿಕೊಂಡ ನೆರೆಯವಳ ಕೂಸನ್ನು ಮಕ್ಕಳಿಲ್ಲದ ವಾರಿಜಾಕ್ಷಿ ಎತ್ತಿಕೊಂಡಳು. ಊರಿಗೆ ಬಂದು ಧರ್ಣಪ್ಪನನ್ನು ತನ್ನ ಮಗನೆಂದೇ ಸಾಕಿದಳು. ಯಾರಿಗೂ ಹೇಳುವುದಿಲ್ಲವೆಂದು ಪೂವಮ್ಮ ಭಾಷೆ ಕೊಟ್ಟಿದ್ದಳು.

ಈಗ ನೋಡಿದರೆ ರಾಜೀವಿಯದು ಬಂಗೇರ ಬಳಿ, ವಾರಿಜಾಕ್ಷಿಯದೂ ಬಂಗೇರ. ಹೆತ್ತವಳದು ಕರ್ಕೇರ. “ಕೇಳಿದರೆ ಕರ್ಕೇರ ಅಂತ ಹೇಳು, ಬೇರೆ ಮಾತು ಬೇಡ,” ಎಂದು ಪೂವಮ್ಮ ವಾರಿಜಾಕ್ಷಿಗೆ ಬಾಯಿಪಾಠ ಮಾಡಿಸಿದ್ದಳು. ಎಂಥ ಹುಂಬ ಧೈರ್ಯ!

ಚಾವಡಿ ತುಂಬಿತ್ತು. ರಾಜೀವಿಯ ಸೋದರಮಾವ ನೋಣಯ್ಯ ವೀಳ್ಯದ ಹರಿವಾಣ ಹಿಡಿದು ಎಲ್ಲರೆದುರು ಶಾಸ್ತ್ರಕ್ಕೆಂದು ಕೇಳಿದ, “ಹುಡುಗನ ತಾಯಿಯ ಬಳಿ ಯಾವುದು?”

ವಾರಿಜಾಕ್ಷಿ ಹೆಮ್ಮೆಯಿಂದ ಉಬ್ಬಿಹೋಗಿದ್ದಳು. ಹುಡುಗನ ತಾಯಿ ಎಂದರೆ ತಾನೇ ಅಲ್ಲವೇ? “ಬಂಗೇರ,” ಎಂದುಬಿಟ್ಟಳು.

ನೋಣಯ್ಯ ಹರಿವಾಣ ಕೆಳಗಿಟ್ಟ. “ಪೂವಕ್ಕ, ನೀವು ನನ್ನತ್ರ ಕರ್ಕೇರ ಅಂತ ಹೇಳಿದ್ದಲ್ವಾ? ಅಣ್ಣ ತಂಗಿಗೆ ಮದುವೆ ಮಾಡಿಸ್ಲಿಕ್ಕೆ ಹೊರಟದ್ದಾ?”

ಪೂವಮ್ಮ ಗುಟ್ಟು ಬಿಟ್ಟುಕೊಟ್ಟರೆ ಸಾಕಿತ್ತು, ಮದುವೆಯೂ ಅವಳ ಹೆಸರೂ ಉಳಿಯುತ್ತಿದ್ದವು. ಬಾಗಿಲ ಸಂದಿಯಲ್ಲಿ ರಾಜೀವಿಯ ಮುಖ ಬಿಳುಚಿತ್ತು. ಪೂವಮ್ಮ ತುಟಿ ಕಚ್ಚಿಕೊಂಡು ತಲೆ ತಗ್ಗಿಸಿದಳು.

“ತಪ್ಪು ನನ್ನದು,” ಎಂದಳು.

“ಅವಳದ್ದಲ್ಲ.” ವಾರಿಜಾಕ್ಷಿ ಎದ್ದು ನಿಂತಿದ್ದಳು. “ಅವನನ್ನು ಹೆತ್ತದ್ದು ನಾನಲ್ಲ. ಹೆತ್ತವಳು ಕರ್ಕೇರ ಬಳಿಯವಳು. ಮದುವೆ ನಿಲ್ಲಿಸಬೇಡಿ.”

ಹೇಳಿದವಳೇ ಗೋಡೆಯ ಕಡೆ ಸರಿದಳು, ಆ ಜಾಗಕ್ಕೆ ತನಗಿನ್ನು ಹಕ್ಕಿಲ್ಲವೆಂಬಂತೆ. ಧರ್ಣಪ್ಪ ಎದ್ದುಬಂದು ಅವಳ ಕೈ ಹಿಡಿದ.

“ಅಪ್ಪೆ,” ಎಂದು ತಾಯಿಯನ್ನು ಎಂದಿನಂತೆ ಕರೆದ, “ಈಚೆ ಬಾ. ವೀಳ್ಯ ಬದಲಿಸ್ಲಿಕ್ಕೆ ಹುಡುಗನ ತಾಯಿ ಬೇಕು.”

ನೋಣಯ್ಯ ಹರಿವಾಣವನ್ನು ಎತ್ತಿ ವಾರಿಜಾಕ್ಷಿಯ ಮುಂದೆ ಹಿಡಿದ.