ಅಜ್ಜಿಯ ಬಲಮಂಡಿ ಉಳಿದದ್ದು

ನಮ್ಮ ಮನೆಯಲ್ಲಿ ನಾನು ಅಣಕಿಸದೆ ಬಿಟ್ಟವರಿಲ್ಲ. ಅಪ್ಪನ ಕೆಮ್ಮು, ಫೋನಿನಲ್ಲಿ ಮಾತ್ರ ಹೊರಡುವ ಅಮ್ಮನ ಸಿಹಿ ದನಿ, ಕೊನೆಗೆ ಹುಡುಗಿಯರೆದುರು ಗಂಟಲು ದಪ್ಪ ಮಾಡಿಕೊಳ್ಳುವ ನನ್ನನ್ನೂ ಬಿಟ್ಟಿಲ್ಲ. ಎಲ್ಲಕ್ಕಿಂತ ಬೇಡಿಕೆ ಇದ್ದದ್ದು ಅಜ್ಜಿಯ ನಡಿಗೆಗೆ.

ಅಜ್ಜಿಗೆ ಆರು ತಿಂಗಳಿಂದ ಬಲಮಂಡಿ ನೋವು. ಎಕ್ಸ್‌ರೇಯಲ್ಲಿ ಮಂಡಿ ಸ್ವಲ್ಪ ಸವೆದಂತೆ ಕಂಡಿತ್ತು. ಬದಲಾಯಿಸುವುದೇ ಒಳ್ಳೆಯದೆಂದು ಒಬ್ಬ ಡಾಕ್ಟರು ದಿನವನ್ನೂ ಗೊತ್ತು ಮಾಡಿದ್ದರು. ಆಪರೇಷನ್ ಅಂದರೆ ಸಾಕು, ಅಜ್ಜಿಗೆ ತುತ್ತು ಇಳಿಯುತ್ತಿರಲಿಲ್ಲ. ಇನ್ನೊಬ್ಬರಿಗೂ ತೋರಿಸೋಣವೆಂದು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಸವೇಶ್ವರನಗರದ ಮೂಳೆ ಡಾಕ್ಟರ ಹತ್ತಿರ ಹೋದೆ.

“ಎಲ್ಲಿ, ನಡೆದು ತೋರಿಸಿ ಅಮ್ಮ.”

ಕುಂಟಿದರೆ ಕೊಯ್ಯುತ್ತಾರೆ ಎಂಬುದು ಅಜ್ಜಿಯ ಲೆಕ್ಕ. ಸೆರಗು ಬಿಗಿದು, ಹಲ್ಲು ಕಚ್ಚಿ, ಪರೇಡಿಗೆ ಬಂದವಳ ಹಾಗೆ ನಾಲ್ಕು ಹೆಜ್ಜೆ ಹಾಕಿದಳು.

“ಸಾರ್, ಇದು ಪೂರ್ತಿ ಆಕ್ಟಿಂಗು. ಮನೇಲಿ ಹೀಗೆ ನಡೀತಾರೆ ನೋಡಿ,” ಎಂದು ನಾನೇ ಎದ್ದೆ. ಬಲಗಾಲು ಊರಿದಾಗಲೆಲ್ಲ ಮೈ ಇಡೀ ಬಲಕ್ಕೆ ವಾಲಿಸಿ, ಗೋಡೆ ತಡಕುತ್ತಾ ನಡೆದೆ.

“ಲೇ ಕೋತಿ! ನಾನೆಲ್ಲೋ ಹಂಗ್ ನಡೀತೀನಿ?” ಅಜ್ಜಿ ಬ್ಯಾಗು ಬೀಸಿದಳು.

ಡಾಕ್ಟರು ನಗಲಿಲ್ಲ. “ಇನ್ನೊಂದ್ಸಲ ಮಾಡಪ್ಪ. ಆ ವಾಲೋದು ಅವರದ್ದೇನಾ, ನೀನು ಸೇರಿಸಿದ್ದಾ?”

“ಅವರದ್ದೇ ಸಾರ್. ಆರು ತಿಂಗಳು ಪ್ರಾಕ್ಟೀಸ್ ಮಾಡಿದೀನಿ.”

ಅಜ್ಜಿಯನ್ನು ಮಲಗಿಸಿ, ಕಾಲು ಮಡಿಸಿ, ತೊಡೆಯನ್ನು ಮೆಲ್ಲಗೆ ತಿರುಗಿಸಿದರು. ತಿರುಗಿದ್ದು ಸೊಂಟದ ಕೀಲು. “ಶಿವನೇ!” ಎಂದು ಅಜ್ಜಿ ಹಿಡಿದುಕೊಂಡದ್ದು ಮಂಡಿಯನ್ನು.

“ಕೆಟ್ಟಿರೋದು ಸೊಂಟ ಅನ್ಸುತ್ತೆ,” ಎಂದರು ಡಾಕ್ಟರು. “ಅಲ್ಲಿಗೂ ಮಂಡಿಗೂ ಒಂದೇ ನರದ ಕವಲು ಹೋಗುತ್ತೆ. ಸುದ್ದಿ ಎಲ್ಲಿಂದ ಬಂತು ಅಂತ ಮಿದುಳಿಗೆ ಗೊತ್ತಾಗಲ್ಲ.”

ನಮ್ಮ ಬಾಡಿಗೆ ಮನೆಯಲ್ಲಿ ಕೆಳಗಿನವರಿಗೂ ಮೇಲಿನ ನಮಗೂ ಒಂದೇ ಕಾಲಿಂಗ್ ಬೆಲ್. ನಮ್ಮ ನೆಂಟರು ಒತ್ತಿದರೂ ಬಾಗಿಲು ತೆಗೆದು ಬೈಯುವುದು ಕೆಳಗಿನ ಆಂಟಿಯೇ.

“ಅಜ್ಜಿ, ನಿನ್ ಮಂಡಿ ಕೆಳಗಿನ ಆಂಟಿ ಥರ. ಗಲಾಟೆ ಮೇಲಿನ ಮನೇದು, ಕೂಗಾಡೋದು ಅವ್ರು.”

“ಅದಿರ್ಲಿ. ಮಂಡಿ ಕೊಯ್ಯಂಗಿಲ್ಲ ತಾನೆ?”

“ಸದ್ಯಕ್ಕೆ ಅದನ್ನ ಮುಟ್ಟೋದು ಬೇಡ. ಸೊಂಟದ ಎಕ್ಸ್‌ರೇ ತೆಗೆಸಿ.”

ಎಕ್ಸ್‌ರೇಯಲ್ಲೂ ಕೆಟ್ಟಿರುವುದು ಸೊಂಟವೇ ಎಂದು ಗೊತ್ತಾಯಿತು. ಆ ಕೀಲಿಗೆ ಇಂಜೆಕ್ಷನ್ ಕೊಟ್ಟರು, ಮಂಡಿ ತೆಪ್ಪಗಾಯಿತು. ಅಪ್ಪ ಮೊದಲಿನ ಆಸ್ಪತ್ರೆಗೆ ಫೋನ್ ಮಾಡಿ, “ಮೇಡಂ, ಆ ಆಪರೇಷನ್ ಸ್ವಲ್ಪ...” ಎಂದು ರಾಗ ಎಳೆಯುವಷ್ಟರಲ್ಲಿ ಅಜ್ಜಿ ಫೋನು ಕಿತ್ತುಕೊಂಡಳು.

“ನೋಡವ್ವಾ, ನನ್ ಮಂಡಿ ನಾ ಕೊಡಂಗಿಲ್ಲ. ಬೇರೆ ಯಾರದ್ದಾದ್ರೂ ನೋಡ್ಕೊಳ್ರಿ.”